ಕಂಬಿ ಹಿಡಿಯದವರ ಬಸ್ಸು

ನನಗೆ ನಾಲಿಗೆ ಉದ್ದ ಎಂದು ಡಿಪೋದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ತುಂಬಿದ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದ ಹೆಂಗಸಿಗೆ ನಾಲಿಗೆ ಉದ್ದ ಇಲ್ಲದಿದ್ದರೆ ಜನ ತಲೆ ಮೇಲೆ ಹತ್ತಿ ಕೂರುತ್ತಾರೆ. ಆದರೆ ಆ ನಾಲಿಗೆ ಆಡಲೇಬೇಕಾಗಿದ್ದ ಒಂದು ದಿನ ಆಡಲಿಲ್ಲ. ಆ ಸಂಕಟಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಕತೆ ನನ್ನದಲ್ಲ, ನನ್ನ ಡ್ರೈವರನದು.

ಅವನನ್ನು ಎಲ್ಲರೂ ಬೆಣ್ಣೆ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷವೇ ಯಾರೋ ಮೆಕ್ಯಾನಿಕ್ ಇಟ್ಟ ಹೆಸರು. ಆಳು ನೋಡಿದರೆ ಅಂಥದ್ದೇನೂ ಇರಲಿಲ್ಲ. ಗಿಡ್ಡ, ಬೊಕ್ಕ ತಲೆ, ಕಿಟಕಿ ಕಡೆಯ ಕೈ ಬಿಸಿಲಿಗೆ ಸುಟ್ಟು ಕಪ್ಪಗೆ, ಇನ್ನೊಂದು ಕೈ ಬೇರೆ ಯಾರದೋ ಎಂಬಂತೆ ಬೆಳ್ಳಗೆ. ಸೀಟಿನ ಮೇಲೆ ಮಡಚಿದ ಗೋಣಿಚೀಲ ಹಾಕಿಕೊಂಡು ಕೂತರೆ ಮಾತ್ರ ಅವನಿಗೆ ರಸ್ತೆ ಸರಿಯಾಗಿ ಕಾಣುತ್ತಿತ್ತು. ಬೆಣ್ಣೆ ಇದ್ದದ್ದು ಅವನ ಕಾಲಿನಲ್ಲಿ. ಅವನು ಬ್ರೇಕ್ ಒತ್ತಿದ್ದು ಒಳಗಿದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಕಿಟಕಿಯಾಚೆ ಅಂಗಡಿಗಳು ಓಡುವುದು ನಿಂತ ಮೇಲೆ, ಓಹೋ ಸ್ಟಾಪ್ ಬಂತು ಎಂದು ಜನ ಏಳುತ್ತಿದ್ದರು.

ಅದು ಹೇಗಯ್ಯ ಎಂದು ಒಮ್ಮೆ ಕೇಳಿದ್ದೆ. ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು. ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ, ನಾನು ಹೋಗೋ ಬಾರೋ ಎನ್ನುತ್ತಿದ್ದೆ.

"ಬಸ್ಸು ನಿಲ್ಲುತ್ತೆ ಅಕ್ಕ, ಒಳಗಿರೋರು ನಿಲ್ಲಲ್ಲ. ಅವರ ಮೈ ಇನ್ನೂ ಮುಂದಕ್ಕೆ ಹೋಗ್ತಾನೇ ಇರುತ್ತೆ. ನಾವು ನಿಲ್ಲಿಸ್ಬೇಕಾಗಿರೋದು ಬಸ್ಸನ್ನಲ್ಲ, ಅವರನ್ನ" ಎಂದ.

ಅದಕ್ಕೆ ಅವನು ರಸ್ತೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಓದುತ್ತಿದ್ದ. ಸೈಕಲಿನವನು ತಿರುಗುವ ಮೊದಲು ಅವನ ಭುಜ ಬಾಗುತ್ತದಂತೆ, ದಾಟುವ ಹೆಂಗಸು ಮೊದಲು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾಳಂತೆ. ಇವನು ಅಲ್ಲಿಗೇ ಆಕ್ಸಲರೇಟರಿನಿಂದ ಕಾಲು ತೆಗೆದಿರುತ್ತಿದ್ದ. ನಮ್ಮ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುವುದನ್ನೇ ಬಿಟ್ಟಿದ್ದರು. ಒಬ್ಬ ಮುದುಕರು ಪೇಪರನ್ನು ಎರಡೂ ಕೈಯಲ್ಲಿ ಅಗಲಿಸಿಕೊಂಡು ನಿಂತೇ ಓದುತ್ತಿದ್ದರು. ಬಟ್ಟೆ ಕಾರ್ಖಾನೆಯ ಒಬ್ಬಳು ನಿಂತುಕೊಂಡೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬೇರೆ ಬಸ್ಸಿನಲ್ಲಿ ಹಾಗೆ ಮಾಡಿದ್ದರೆ ಕಣ್ಣು ಕಳೆದುಕೊಳ್ಳುತ್ತಿದ್ದಳು.

ಇನ್ನು ನನ್ನ ಪಾಲಿನದನ್ನು ಹೇಳುತ್ತೇನೆ. ಪ್ರತಿ ಕಂಡಕ್ಟರ್‌ಗೂ ಕಲಿಸುವ ಮೊದಲ ಮಾತು "ಕಂಬಿ ಹಿಡ್ಕೊಳ್ಳಿ". ಸ್ಟಾಪಿನಿಂದ ಬಸ್ಸು ಹೊರಟಾಗಲೆಲ್ಲ ಕೂಗಬೇಕು. ಅವನ ಜೊತೆ ಹಾಕಿದ ಮೊದಲ ವಾರ ನಾನೂ ಕೂಗಿದೆ. ಕನ್ನಡಿಯಲ್ಲಿ ಒಂದು ಥರಾ ನೋಡಿದ. ಟ್ರಿಪ್ ಮುಗಿದ ಮೇಲೆ ಬಂದು, ನೀವು ಹಾಗೆ ಕೂಗಿದರೆ ನನಗೆ ಬ್ರೇಕ್ ಹಾಕಲು ಬರುವುದಿಲ್ಲ ಎಂದು ಡಂಗುರ ಸಾರಿದ ಹಾಗಾಗುತ್ತದೆ ಅಕ್ಕ ಎಂದ. ಮುಖ ಸಣ್ಣದು ಮಾಡಿಕೊಂಡಿದ್ದ. ನನಗೂ ನಗು ಬಂತು, ಕನಿಕರವೂ ಬಂತು. ಹೋಗಲಿ, ಗಂಟಲಾದರೂ ಉಳಿಯಿತು ಎಂದು ಅಂದಿನಿಂದ ಕೂಗುವುದನ್ನು ಬಿಟ್ಟೆ. ಇಪ್ಪತ್ತೆರಡು ವರ್ಷ ಕೂಗಲಿಲ್ಲ.

ಅವನ ಹೆಂಡತಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಮಗಳು ಹುಟ್ಟಿ ವರ್ಷ ಕಳೆಯುತ್ತಲೇ ಅವಳು ಕೆಲಸಕ್ಕೆ ಹೋಗಲೇಬೇಕಾಯಿತು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಬೆಣ್ಣೆ ಬಸ್ಸಿಗೇ ತಂದುಬಿಟ್ಟ. ನಿಯಮಕ್ಕೆ ವಿರುದ್ಧ, ನಿಜ. ಇನ್ಸ್‌ಪೆಕ್ಟರ್ ಹತ್ತಿದಾಗ, ನನ್ನ ಅಣ್ಣನ ಮಗು ಸಾರ್ ಎಂದು ಸುಳ್ಳು ಹೇಳಿ ಟಿಕೆಟ್ ತೋರಿಸುತ್ತಿದ್ದೆ. ಆ ಮಗು ಎದ್ದು ನಿಂತಿದ್ದು, ಮೊದಲ ಹೆಜ್ಜೆ ಇಟ್ಟಿದ್ದು ಓಡುವ ಬಸ್ಸಿನಲ್ಲಿ, ಎರಡು ಸಾಲು ಸೀಟುಗಳ ನಡುವೆ. ಮೂರು ವರ್ಷಕ್ಕೆ ಅಲ್ಲಿ ಗಿರಗಿರ ತಿರುಗುತ್ತಿದ್ದಳು, ಬೀಳುತ್ತಿರಲಿಲ್ಲ. ಅದಕ್ಕೆ ಬುಗುರಿ ಎಂದು ಹೆಸರಿಟ್ಟೆ. ನನ್ನನ್ನು ಅತ್ತೆ ಎನ್ನುತ್ತಿದ್ದಳು, ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ.

ಏಳನೇ ಕ್ಲಾಸಿನಲ್ಲಿ ಅವಳಿಗೆ ವಿಜ್ಞಾನದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. ಬಸ್ಸು ಹಠಾತ್ತಾಗಿ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬಾಗಲು ಕಾರಣವೇನು? ಜಡತ್ವ ಎಂದು ಬರೆಯಬೇಕಿತ್ತಂತೆ. ಓಡುವ ವಸ್ತು ಓಡುತ್ತಲೇ ಇರಲು ನೋಡುತ್ತದೆ, ನಿಂತದ್ದು ನಿಂತೇ ಇರಲು ನೋಡುತ್ತದೆ, ಅದಕ್ಕೆ ಆ ಹೆಸರು. ಈ ಹುಡುಗಿ ಬರೆದಿದ್ದು ಇಷ್ಟು: "ಕಾರಣ ಡ್ರೈವರ್. ನಮ್ಮಪ್ಪನ ಬಸ್ಸಿನಲ್ಲಿ ಯಾರೂ ಬಾಗುವುದಿಲ್ಲ." ಮೇಷ್ಟ್ರು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ್ದರು. ಬೆಣ್ಣೆ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಇಡೀ ಡಿಪೋಗೆ ತೋರಿಸಿದ. ಅಪ್ಪ ಮಗಳು ಇಬ್ಬರಿಗೂ ಬುದ್ಧಿ ಇಲ್ಲ ಎಂದು ಹೆಂಡತಿ ಬೈದಳು. ಬೈಯುತ್ತಲೇ ನಕ್ಕಳು.

ಬುಗುರಿಗೆ ಇಪ್ಪತ್ತೊಂದು ತುಂಬಿತ್ತು, ಮಾರುಕಟ್ಟೆ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದಳು. ದಿನಾ ನಮ್ಮದೇ ಬಸ್ಸು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳಕ್ಕೆ ನಾವು ಬಾನೆಟ್ ಎನ್ನುತ್ತೇವೆ. ಅದರ ಮುಂದೆ ರಸ್ತೆಗೆ ಬೆನ್ನು ಹಾಕಿ, ನನ್ನ ಕಡೆ ಮುಖ ಮಾಡಿ, ಎರಡೂ ಕೈ ಆಡಿಸುತ್ತಾ ಹಿಂದಿನ ದಿನದ ಗಿರಾಕಿಗಳ ಕತೆ ಹೇಳುತ್ತಿದ್ದಳು. ನಾನು ಟಿಕೆಟ್ ಕೊಡುವುದನ್ನೂ ಮರೆತು ನಗುತ್ತಿದ್ದೆ.

ಆ ದಿನ ಬೆಣ್ಣೆಗೆ ರಜೆ. ವರ್ಷಕ್ಕೊಮ್ಮೆ ಡ್ರೈವರುಗಳ ಕಣ್ಣು ಪರೀಕ್ಷೆ ಇರುತ್ತದೆ, ಅದಕ್ಕೆ ಹೋಗಿದ್ದ. ಬದಲಿಗೆ ಬಂದವನು ಕೆಲಸಕ್ಕೆ ಸೇರಿ ಆರು ತಿಂಗಳಾದ ಹೊಸಬ. ಒಳ್ಳೆಯ ಹುಡುಗ, ತಲೆ ತಗ್ಗಿಸಿ ಮಾತಾಡುವವನು. ಬಸ್ಸು ಅದೇ, ದಾರಿ ಅದೇ, ಕಂಡಕ್ಟರ್ ನಾನೇ. ಬುಗುರಿ ಮೂರನೇ ಸ್ಟಾಪಿನಲ್ಲಿ ಹತ್ತಿದಳು. ಗೇರು ಕರ್ ಎಂದಿತು. ಅಪ್ಪ ಇಲ್ಲ ಅಂತ ಬಸ್ಸು ಅಳ್ತಾ ಇದೆ ನೋಡಿ ಅತ್ತೆ ಎಂದು ಪಿಸುಗುಟ್ಟಿದಳು. ಬೇರೆಯವನು ಓಡಿಸುತ್ತಿದ್ದಾನೆ ಎಂದು ಅವಳ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅದೇ ಜಾಗದಲ್ಲಿ ಹಾಗೇ ನಿಂತಳು. ನಾನೂ ಇಪ್ಪತ್ತೆರಡು ವರ್ಷದ ರೂಢಿಯಂತೆ ಬಾಯಿ ಮುಚ್ಚಿಕೊಂಡಿದ್ದೆ.

ಹಿಂದಿನ ದಿನ ಒಬ್ಬ ಗಿರಾಕಿ ಬಂದಿದ್ದನಂತೆ. ಸ್ವಲ್ಪ ನಗಿ ಸಾರ್ ಎಂದರೆ ನಗಲು ಬಾರದೆ ಬಾಯಿಯ ಎರಡು ಕೊನೆಗೆ ಎರಡು ಬೆರಳಿಟ್ಟು ಎಳೆದುಕೊಂಡನಂತೆ. ಅದನ್ನು ತೋರಿಸಲು ಬುಗುರಿ ತನ್ನ ಬಾಯಿಗೂ ಎರಡು ಬೆರಳು ಇಟ್ಟಳು. ಅಷ್ಟರಲ್ಲಿ ಸೈಕಲಿನವನೊಬ್ಬ ಅಡ್ಡ ತಿರುಗಿದ. ಹೊಸಬ ಬ್ರೇಕ್ ಹಾಕಿದ. ದೊಡ್ಡ ಬ್ರೇಕೇನಲ್ಲ, ನಿಮ್ಮ ಊರಿನ ಬಸ್ಸುಗಳಲ್ಲಿ ದಿನಕ್ಕೆ ಇಪ್ಪತ್ತು ಸಲ ಬೀಳುವಂಥದ್ದು. ಪೇಪರ್ ಮುದುಕರು ಮುಂದಿನ ಸೀಟನ್ನು ಹಿಡಿದುಕೊಂಡರು. ನಾನು ಕಂಬಕ್ಕೆ ಭುಜ ಕೊಟ್ಟೆ. ಬುಗುರಿ ಬೆನ್ನ ಮೇಲೆ ಬಿದ್ದಳು, ತಲೆಯ ಹಿಂಭಾಗ ಬಾನೆಟ್ಟಿನ ಕಬ್ಬಿಣದ ಅಂಚಿಗೆ ಬಡಿಯಿತು. ಅವಳ ಮುಖದಲ್ಲಿ ಇನ್ನೂ ಆ ಗಿರಾಕಿಯ ನಗು ಇತ್ತು. ಆಟವಾಡುತ್ತಿದ್ದಾಳೆ ಎಂದುಕೊಂಡು ನಾನು ಒಂದು ಕ್ಷಣ ನಕ್ಕೆ. ದೇವರು ಅದೊಂದನ್ನು ಮರೆಸಿದರೆ ಸಾಕು.

ಆಸ್ಪತ್ರೆಗೆ ಬೆಣ್ಣೆ ಓಡಿ ಬಂದಾಗ ಕಣ್ಣಿಗೆ ಔಷಧಿ ಹಾಕಿದ್ದರಿಂದ ಅವನಿಗೆ ಎಲ್ಲ ಮಂಜು ಮಂಜು. ಮಗಳ ಮುಖ ಕಾಣುತ್ತಿಲ್ಲ ಅಕ್ಕ, ಹೇಗಿದ್ದಾಳೆ ಹೇಳಿ ಎಂದು ನನ್ನನ್ನೇ ಕೇಳಿದ. ಮಲಗಿದ್ದಾಳೆ ಎಂದೆ. ಎರಡು ದಿನ ಅವಳ ಪಾದ ಹಿಡಿದುಕೊಂಡು ಕೂತ. ಹೆಂಡತಿ ತಲೆಯ ಹತ್ತಿರ ಕೂತಿದ್ದಳು. ಮೂರನೇ ದಿನ ಬೆಳಿಗ್ಗೆ ಎಲ್ಲ ಮುಗಿಯಿತು.

ಡಿಪೋದಲ್ಲಿ ವಿಚಾರಣೆ ಶುರುವಾಯಿತು. ಹೊಸಬನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮ್ಯಾನೇಜರ್ ಬೆಣ್ಣೆಯನ್ನು ಕರೆದು, ನೀವು ನಮ್ಮ ಹಿರಿಯ ಡ್ರೈವರ್, ಹೋದವಳು ನಿಮ್ಮ ಮಗಳು, ಅವನು ಅಜಾಗರೂಕತೆಯಿಂದ ಓಡಿಸಿದ ಎಂದು ನೀವು ಬರೆದುಕೊಟ್ಟರೆ ಸಾಕು, ಇವತ್ತೇ ಮನೆಗೆ ಕಳಿಸುತ್ತೇನೆ, ಇನ್ನೆಲ್ಲೂ ಸ್ಟಿಯರಿಂಗ್ ಮುಟ್ಟದ ಹಾಗೆ ಮಾಡುತ್ತೇನೆ ಎಂದರು. ಹೆಂಡತಿಗೆ ಬೇಕಾಗಿದ್ದೂ ಅದೇ. ಹದಿನೈದು ದಿನದಿಂದ ಅವಳು ಊಟ ಬಿಟ್ಟಿದ್ದಳು, ಆಡಿದ್ದು ಇದೊಂದೇ ಮಾತು: ಅವನ ಕೆಲಸ ಹೋಗಬೇಕು. ಅವಳನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ನನಗೂ ಒಳಗೊಳಗೆ ಅದೇ ಬೇಕಿತ್ತು. ತಪ್ಪು ಹೊಸಬನದು ಎಂದಾದರೆ ನಾನು ಬಚಾವ್.

ಬೆಣ್ಣೆ ಮಾತ್ರ, ಮೊದಲು ಅವನ ಬ್ರೇಕ್ ನೋಡಬೇಕು ಎಂದ.

ಡಿಪೋ ಹಿಂದಿನ ಬಯಲಿನಲ್ಲಿ ಅದೇ ಬಸ್ಸು ತಂದರು. ಸೈಕಲ್ ತಿರುಗಿದ ಜಾಗದ ಗುರುತಿಗೆ ಖಾಲಿ ಡ್ರಮ್ಮು ಇಟ್ಟರು. ಹೊಸಬ ಸ್ಟಿಯರಿಂಗ್ ಹಿಡಿದು ಕೂತ. ಬೆಣ್ಣೆ ಹತ್ತಿ ಬುಗುರಿ ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ, ರಸ್ತೆಗೆ ಬೆನ್ನು ಹಾಕಿ ನಿಂತ. ಏನು ಹುಚ್ಚೋ ಇದು ಎಂದು ನಾನು ಬಾಯಿ ಬಡಿದುಕೊಂಡೆ. ಕೇಳಲಿಲ್ಲ. ಕೊನೆಗೆ ಎರಡು ಸೀಟಿನ ದಿಂಬು ಕಿತ್ತು ಬಾನೆಟ್ಟಿನ ಅಂಚಿಗೆ ಕಟ್ಟಿದೆ. ಆವತ್ತಿನಷ್ಟೇ ವೇಗದಲ್ಲಿ ಬಂದು ಹೊಸಬ ಬ್ರೇಕ್ ಹಾಕಿದ. ಬೆಣ್ಣೆ ಅಂಗಾತ ಹೋಗಿ ದಿಂಬಿನ ಮೇಲೆ ಬಿದ್ದ. ಹೊಸಬ ಸೀಟಿನಲ್ಲೇ ಅಳಲು ಶುರು ಮಾಡಿದ. ಮ್ಯಾನೇಜರ್, ನೋಡಿದಿರಲ್ಲ, ಸಾಕು, ಬರೆದುಕೊಡಿ ಎಂದರು.

ಬೆಣ್ಣೆ ಎದ್ದು ಅಂಗಿ ಕೊಡವಿಕೊಂಡ. ಇನ್ನೊಂದು ಸಲ ಎಂದ. ಈ ಸಲ ಒಂದು ಕೈ ಎತ್ತಿ ಮೇಲಿನ ಕಂಬಿ ಹಿಡಿದ. ಅದೇ ವೇಗ, ಅದೇ ಡ್ರಮ್ಮು, ಅದೇ ಬ್ರೇಕು. ಅವನ ಕಾಲಿನ ಬೆರಳುಗಳು ಒಂಚೂರು ಮೇಲೆದ್ದವು, ಮತ್ತೆ ಕೂತವು. ಅಷ್ಟೇ. ಬಸ್ಸು ನಿಂತ ಮೇಲೂ ಕಂಬಿ ಬಿಡದೆ ನಿಂತಿದ್ದ. ನಾನು ಹತ್ತಿರ ಹೋದೆ.

"ಒಂದು ಕೈ ಸಾಕಿತ್ತಲ್ಲ ಅಕ್ಕ" ಎಂದ. "ನಾನು ಅವಳಿಗೆ ಏನೆಲ್ಲಾ ಕಲಿಸ್ದೆ. ಇದೊಂದು ಕಲಿಸಲಿಲ್ಲ."

ನಾನೂ ಕೂಗಲಿಲ್ಲವಲ್ಲೋ, ನನ್ನದೂ ತಪ್ಪಿದೆಯಲ್ಲೋ ಎಂದೆ. ಕೂಗಬೇಡಿ ಅಂದವನು ನಾನೇ ಎಂದ. ಅಲ್ಲಿಗೆ ನನ್ನ ಪಾಲನ್ನೂ ತನ್ನ ತಲೆ ಮೇಲೆ ಹಾಕಿಕೊಂಡ. ಮ್ಯಾನೇಜರ್ ಕೊಟ್ಟ ಕಾಗದದ ಮೇಲೆ ಎರಡೇ ಸಾಲು ಬರೆದ. ಚಾಲಕನ ಬ್ರೇಕು ಸರಿಯಾಗಿತ್ತು. ನನ್ನ ಮಗಳಿಗೆ ಹಿಡಿದುಕೊಳ್ಳುವ ಅಭ್ಯಾಸ ಇರಲಿಲ್ಲ, ಅದಕ್ಕೆ ನಾನು ಕಾರಣ. ಹೊಸಬ ಅವನ ಕಾಲಿಗೆ ಬೀಳಲು ಬಂದ. ಬೆಣ್ಣೆ ಅವನ ಭುಜ ಹಿಡಿದು ನಿಲ್ಲಿಸಿ, ನಾಳೆ ಡ್ಯೂಟಿ ತಪ್ಪಿಸಬೇಡ, ತಪ್ಪಿಸಿದರೆ ಆಮೇಲೆ ಸೀಟಿನಲ್ಲಿ ಕೂರಲು ಆಗುವುದಿಲ್ಲ ಎಂದು ಹೇಳಿ ಕಳಿಸಿದ.

ಮನೆಗೆ ನಾನೂ ಹೋಗಿದ್ದೆ, ಒಬ್ಬನನ್ನೇ ಬಿಡಲು ಧೈರ್ಯವಾಗಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. "ಅವನ ಕೆಲಸ ಉಳಿಸಿ ಬಂದ್ರಾ? ಸರಿ" ಎಂದು ಒಳಗೆ ಹೋದಳು. ಹಾಸಿಗೆಯನ್ನು ಮಗಳ ಕೋಣೆಗೆ ಎಳೆದುಕೊಂಡಳು. ಆಮೇಲೆ ಅವನ ಜೊತೆ ಮಾತು ಬಿಟ್ಟಳು. ಡಬ್ಬಿ ಕಟ್ಟಿ ಮೇಜಿನ ಮೇಲಿಡುತ್ತಿದ್ದಳು, ಇವನು ತೆಗೆದುಕೊಂಡು ಬರುತ್ತಿದ್ದ. ಹನ್ನೊಂದು ತಿಂಗಳು ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ತಿಂಗಳು ಕಳೆದು ಬೆಣ್ಣೆ ಡ್ಯೂಟಿಗೆ ಬಂದ. ಮೊದಲ ಸ್ಟಾಪ್ ಬಿಟ್ಟು ಹತ್ತು ಮಾರು ಹೋಗಿರಲಿಲ್ಲ, ಬಸ್ಸು ಗಕ್ಕನೆ ಜರ್ಕ್ ಹೊಡೆಯಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಎರಡನೇ ಸ್ಟಾಪಿನಲ್ಲೂ ಅದೇ, ಮೂರನೆಯದರಲ್ಲೂ ಅದೇ. ಅಯ್ಯೋ, ದುಃಖಕ್ಕೆ ಕಾಲಿನ ಹದ ಹೋಯಿತಲ್ಲಪ್ಪ ಎಂದುಕೊಂಡೆ. ನಾಲ್ಕು ದಿನ ನೋಡಿದ ಮೇಲೆ ಗೊತ್ತಾಯಿತು. ಬಸ್ಸು ಹೊರಡುತ್ತಲೇ ಅವನು ಕನ್ನಡಿ ನೋಡುತ್ತಿದ್ದ. ನಿಂತವರಲ್ಲಿ ಯಾರದಾದರೂ ಕೈ ಕಂಬಿ ಮೇಲೆ ಇಲ್ಲದಿದ್ದರೆ, ಬಸ್ಸು ಇನ್ನೂ ನಡಿಗೆಯ ವೇಗದಲ್ಲಿ ಇರುವಾಗಲೇ ಬ್ರೇಕನ್ನು ಒಮ್ಮೆ ತಟ್ಟಿ ಬಿಡುತ್ತಿದ್ದ. ಯಾರೂ ಬೀಳುವಷ್ಟಲ್ಲ, ಎಲ್ಲರೂ ಬೈದುಕೊಂಡು ಕಂಬಿ ಹಿಡಿಯುವಷ್ಟು. ಎಲ್ಲ ಕೈ ಮೇಲೆ ಹೋದ ನಂತರವೇ ಗೇರ್ ಬದಲಾಯಿಸುತ್ತಿದ್ದ. ನಾನೂ ಮತ್ತೆ ಕೂಗಲು ಶುರು ಮಾಡಿದೆ. ಕೂಗಿ ಕೂಗಿ ಗಂಟಲು ಕಟ್ಟಿತು.

ಜನ ಬಿಡುತ್ತಾರೆಯೇ? ಯಾವನಯ್ಯ ನಿನಗೆ ಲೈಸೆನ್ಸ್ ಕೊಟ್ಟಿದ್ದು ಎಂದರು. ಎಮ್ಮೆ ಸಾಗಿಸ್ತಿದ್ದೀಯಾ ಎಂದರು. ಸೂಜಿ ಪೋಣಿಸುತ್ತಿದ್ದವಳು ಬೇರೆ ಬಸ್ಸು ಹಿಡಿದಳು. ವರ್ಷಾನುಗಟ್ಟಲೆ ಬೆಣ್ಣೆ ಎಂದು ಕರೆದವರೇ ಜರ್ಕಪ್ಪ ಎಂದು ಹೊಸ ಹೆಸರಿಟ್ಟರು. ದೂರಿನ ಮೇಲೆ ದೂರು ಹೋಯಿತು. ಮ್ಯಾನೇಜರ್ ಎರಡು ಸಲ ನೋಟಿಸ್ ಕೊಟ್ಟರು, ಅದನ್ನೂ ಸಹಿ ಹಾಕಿ ತೆಗೆದುಕೊಂಡ. ಒಂದು ದಿನ ಒಬ್ಬ ತೀರಾ ಕೆಟ್ಟದಾಗಿ ಬೈದಾಗ, ನಿಜ ಹೇಳಿಬಿಡುತ್ತೇನೆ, ಇವರ ಬಾಯಿಗೆ ಬೀಗ ಹಾಕುತ್ತೇನೆ ಎಂದು ಎದ್ದೆ. ಬಸ್ಸು ಸ್ಟಾಪಿನಲ್ಲಿ ನಿಂತಿತ್ತು, ಬೆಣ್ಣೆ ತಿರುಗಿ ಕೈ ಅಡ್ಡ ಹಿಡಿದ.

"ಬೇಡ ಅಕ್ಕ. ಹೇಳಿದ್ರೆ ಪಾಪ ಅಂತಾರೆ. ಪಾಪ ಅಂದೋರು ಕಂಬಿ ಬಿಟ್ಟುಬಿಡ್ತಾರೆ. ಬೈಯೋರು ಹಿಡ್ಕೊಂಡಿರ್ತಾರೆ."

ಬಾಯಿ ಮುಚ್ಚಿಕೊಂಡು ಕೂತೆ. ನನ್ನ ಬಾಯಿ ಮುಚ್ಚಿಸಿದವನು ಈ ಜಗತ್ತಿನಲ್ಲಿ ಅವನೊಬ್ಬನೇ.

ಹನ್ನೊಂದನೇ ತಿಂಗಳು ಒಂದು ಮಧ್ಯಾಹ್ನ ಕಾರ್ಖಾನೆ ಸ್ಟಾಪಿನಲ್ಲಿ ಅವನ ಹೆಂಡತಿ ಹತ್ತಿದಳು. ಮಗಳು ಹೋದ ಮೇಲೆ ಅವಳು ಆ ಬಸ್ಸು ಹತ್ತಿರಲಿಲ್ಲ, ಬಿಸಿಲಾದರೂ ನಡೆದೇ ಮನೆಗೆ ಹೋಗುತ್ತಿದ್ದಳು. ನಾನು ಎದ್ದು ನನ್ನ ಸೀಟು ಕೊಟ್ಟೆ. ಬೇಡ ಎಂದು ತಲೆಯಾಡಿಸಿ ಮುಂದೆ ಹೋದಳು. ಬಾನೆಟ್ ಮುಂದೆ, ಅದೇ ಜಾಗದಲ್ಲಿ, ರಸ್ತೆಗೆ ಬೆನ್ನು ಹಾಕಿ ನಿಂತಳು. ಎರಡೂ ಕೈ ಇಳಿಬಿಟ್ಟಿದ್ದಳು. ಕಂಬಿ ಹಿಡ್ಕೊಳಮ್ಮ ಎಂದೆ. ಕೇಳಿಸದವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ನಾನು ರೈಟ್ ಎನ್ನಲಿಲ್ಲ, ಎನ್ನಲು ಆಗಲಿಲ್ಲ.

ಬೆಣ್ಣೆ ಕನ್ನಡಿಯಲ್ಲಿ ನೋಡಿದ. ಹೊರಡುವಂತಿಲ್ಲ, ಬ್ರೇಕ್ ತಟ್ಟುವಂತಂತೂ ಇಲ್ಲವೇ ಇಲ್ಲ. ಹಿಂದಿನಿಂದ ಜನ ಕೂಗಲು ಶುರು ಮಾಡಿದರು, ಜರ್ಕಪ್ಪನಿಗೆ ನಿದ್ದೆ ಬಂತಾ ಎಂದು ಒಬ್ಬ ಕೇಳಿದ. ಬೆಣ್ಣೆ ಎಂಜಿನ್ ಬಂದ್ ಮಾಡಿದ. ಸೀಟಿನಿಂದ ಇಳಿದು ಬಾನೆಟ್ ಸುತ್ತಿ ಅವಳ ಎದುರಿಗೆ ಬಂದು ನಿಂತ. ಹನ್ನೊಂದು ತಿಂಗಳಾದ ಮೇಲೆ ಅವಳ ಕೈ ಮುಟ್ಟಿದ. ಆ ಕೈಯನ್ನು ಮೇಲಕ್ಕೆತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಕಂಬಿಗೆ ಸುತ್ತಿ, ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದ.

ಅವಳು ಅವನ ಮುಖ ನೋಡಿದಳು.

"ಇದೇ ಕೆಲಸ ಅವಳಿಗೆ ಒಂದು ದಿನ ಮಾಡಿದ್ರೆ ಆಗ್ತಿತ್ತಲ್ರೀ" ಎಂದಳು.

"ಆಗ್ತಿತ್ತು" ಎಂದ.

ಆಮೇಲೆ ಹೋಗಿ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದ. ಅವಳು ತನ್ನ ಸ್ಟಾಪ್ ಬರುವವರೆಗೂ ಕಂಬಿಯಿಂದ ಕೈ ತೆಗೆಯಲಿಲ್ಲ.